ಬೆರಳಿಗೆ ತಿರುಗುವ ಫೋಟೋ: ಆನ್‌ಲೈನ್ ಖರೀದಿಯ ಅನುಮಾನ ಎಷ್ಟು ತೀರಿಸಬಲ್ಲದು?

ಅಂಗಡಿಯಲ್ಲಿ ಬ್ಯಾಗ್ ಕೊಳ್ಳಲು ಬಂದವರನ್ನು ಸ್ವಲ್ಪ ಗಮನಿಸಿ. ಮುಂಭಾಗ ನೋಡುವುದು ಒಂದು ಕ್ಷಣ ಅಷ್ಟೇ. ಕೈಗೆತ್ತಿಕೊಂಡ ತಕ್ಷಣ ತಿರುಗಿಸುತ್ತಾರೆ. ತಳ ನೋಡುತ್ತಾರೆ. ಜಿಪ್ ಎಳೆದು ಒಳಗೆ ಇಣುಕುತ್ತಾರೆ. ಹಿಡಿಕೆ ಸೇರುವ ಜಾಗದ ಹೊಲಿಗೆಯನ್ನು ಹೆಬ್ಬೆರಳಲ್ಲಿ ಒತ್ತುತ್ತಾರೆ. ಭುಜಕ್ಕೆ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಾರೆ. ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದೊಂದು ಸಲ ಕೈ ಆಡಿಸಿದಾಗಲೂ ಒಂದೊಂದು ಪ್ರಶ್ನೆ ಕೇಳಿದ ಹಾಗೆ. ಬಾಳಿಕೆ ಬರುತ್ತದಾ? ನನ್ನ ಪುಸ್ತಕ ಹಿಡಿಯುತ್ತದಾ? ನನಗೆ ತೀರಾ ದೊಡ್ಡದಾಯಿತಾ?

ಆನ್‌ಲೈನ್‌ನಲ್ಲಿ ಆ ಪ್ರಶ್ನೆ ಕೇಳುವ ಕೈಗೆ ಕೆಲಸವೇ ಇಲ್ಲ. ಮಾರುವವರು ಹಾಕಿದ ನಾಲ್ಕೈದು ಫೋಟೋ ನೋಡಬೇಕು, ನಂಬಬೇಕು, ಹಣ ಕಟ್ಟಬೇಕು. ಆ ಫೋಟೋಗಳೂ ಬಹುಮಟ್ಟಿಗೆ ವಸ್ತು ಚೆಂದ ಕಾಣುವ ಕೋನದವೇ. ನೋಡಬೇಕೆನಿಸಿದ ಜಾಗ ಯಾವುದೋ, ತೋರಿಸಿರುವ ಜಾಗ ಯಾವುದೋ. ಈ ಕೊರತೆಯನ್ನು ಕಾನೂನೂ ಒಪ್ಪಿಕೊಂಡಿದೆ. ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ, ದೂರದಿಂದ ಕೊಂಡ ವಸ್ತುವನ್ನು ಯಾವ ಕಾರಣವನ್ನೂ ಹೇಳದೆ 14 ದಿನದೊಳಗೆ ಬೇಡ ಅನ್ನಬಹುದು. ಆನ್‌ಲೈನ್‌ನಲ್ಲಿ ಕೊಳ್ಳುವವರು ವಸ್ತುವನ್ನು ಮೊದಲೇ ನೋಡಲು ಆಗುವುದಿಲ್ಲ ಅನ್ನುವುದೇ ಅದಕ್ಕೆ ಕೊಟ್ಟ ಕಾರಣ.

ನೋಡಲು ಆಗುವುದಿಲ್ಲ ಅನ್ನುವ ಈ ಸಮಸ್ಯೆಗೆ ಉತ್ತರವಾಗಿ ಬಂದದ್ದು ಇಂಟರಾಕ್ಟಿವ್ ಫೋಟೋ. ಬೆರಳು ಎಳೆದರೆ ವಸ್ತು ತಿರುಗುತ್ತದೆ, ಎರಡು ಬೆರಳು ಅಗಲಿಸಿದರೆ ಹತ್ತಿರ ಬರುತ್ತದೆ, ಕ್ಯಾಮೆರಾ ತೆರೆದರೆ ನಮ್ಮದೇ ಕೋಣೆಯಲ್ಲಿ ನಿಂತಂತೆ ಕಾಣುತ್ತದೆ. ಇದನ್ನು ಮಾರಾಟ ಹೆಚ್ಚಿಸುವ ಉಪಾಯ ಅಂತಲೇ ಹೇಳುವವರು ಜಾಸ್ತಿ. ನನಗೆ ಆ ದಿಕ್ಕಿನಿಂದ ಶುರುಮಾಡುವುದೇ ತಪ್ಪು ಅನಿಸುತ್ತದೆ. ಕೊಳ್ಳುವವರ ಮನಸ್ಸಿನಲ್ಲಿ ಯಾವ ಅನುಮಾನ ಇದೆ, ಈ ಚಿತ್ರ ಅದನ್ನು ತೀರಿಸುತ್ತದಾ? ಮೊದಲು ಕೇಳಬೇಕಾದ್ದು ಇದು. ಅನುಮಾನ ತೀರಿ "ಇದು ನನಗೆ ಬೇಡ" ಅಂತ ಒಬ್ಬರು ಪುಟ ಮುಚ್ಚಿದರೂ ಆ ಚಿತ್ರ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ.

ಎಲ್ಲ ಅನುಮಾನವನ್ನೂ ಚಿತ್ರ ತೀರಿಸಲಾರದು. ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲಿ ಒಂದು ಉಪಯುಕ್ತ ಗೆರೆ ಎಳೆದರು. ಕೆಲವು ಗುಣಗಳನ್ನು ಕೊಳ್ಳುವ ಮೊದಲೇ ನೋಡಿ ತಿಳಿಯಬಹುದು. ಕೆಲವು ಬಳಸಿದ ಮೇಲಷ್ಟೇ ಗೊತ್ತಾಗುತ್ತವೆ. ಕುರ್ಚಿಯ ಎತ್ತರ, ಆಕಾರ, ಬಣ್ಣ ಮೊದಲನೆಯ ಜಾತಿ. ಮೂರು ತಾಸು ಕೂತ ಮೇಲೆ ಬೆನ್ನು ನೋಯುತ್ತದಾ ಅನ್ನುವುದು ಎರಡನೆಯದು. ನಡುವೆ ಇನ್ನೊಂದು ಗುಂಪಿದೆ. ಅಂಗಡಿಯಲ್ಲಾದರೆ ಮುಟ್ಟಿ ತಿಳಿಯುತ್ತಿತ್ತು, ಸ್ಕ್ರೀನ್ ಮೇಲೆ ತಿಳಿಯುವುದಿಲ್ಲ. ಬಟ್ಟೆಯ ದಪ್ಪ, ಚರ್ಮದ ಮೃದುತ್ವ, ಪಾತ್ರೆಯ ತೂಕ ಎಲ್ಲ ಇಲ್ಲಿ ಬರುತ್ತವೆ. ಇಂಟರಾಕ್ಟಿವ್ ಚಿತ್ರದ ನಿಜವಾದ ಕೆಲಸ ಇರುವುದು ಈ ನಡುವಿನ ಗುಂಪಿನಲ್ಲಿ. ಮುಟ್ಟಿ ತಿಳಿಯುತ್ತಿದ್ದ ಸಂಗತಿಯಲ್ಲಿ ಎಷ್ಟನ್ನು ಕಣ್ಣಿಗೆ ದಾಟಿಸಬಹುದು ಅನ್ನುವುದರ ಮೇಲೆ ಅದರ ಬೆಲೆ ನಿಂತಿದೆ.

ತಂತ್ರಜ್ಞಾನ ಹೊಸದೇನಲ್ಲ. ಆಪಲ್ ಕಂಪನಿ 1995ರಲ್ಲೇ ಕ್ವಿಕ್‌ಟೈಮ್ ವಿಆರ್ ಹೊರತಂದಿತ್ತು. ಬೇರೆ ಬೇರೆ ಕೋನದಿಂದ ತೆಗೆದ ಫೋಟೋಗಳನ್ನು ಸಾಲಾಗಿ ಜೋಡಿಸಿ, ಮೌಸ್ ಎಳೆದಂತೆ ಒಂದಾದ ಮೇಲೊಂದು ತೋರಿಸಿದರೆ ವಸ್ತು ತಿರುಗಿದಂತೆ ಕಾಣುತ್ತದೆ. ಇವತ್ತಿನ 360 ಡಿಗ್ರಿ ಫೋಟೋದ ಲೆಕ್ಕವೂ ಇದೇ. ಆಗ ಅದು ಖರೀದಿಯ ಪುಟಗಳಿಗೆ ಹರಡದೇ ಹೋದದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಆ ಕಾಲದ 28.8 ಕಿಲೋಬಿಟ್ ಮೋಡೆಮ್‌ನಲ್ಲಿ ಒಂದು ಮೆಗಾಬೈಟ್ ಇಳಿಯಲು ನಾಲ್ಕೂವರೆ ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು. ಮೇಲಿಂದ ಬೇರೆಯೇ ಪ್ಲಗಿನ್ ಹಾಕಿಕೊಳ್ಳಬೇಕಿತ್ತು. 2011ರಲ್ಲಿ ವೆಬ್‌ಜಿಎಲ್ ಬಂದು ಬ್ರೌಸರ್ ಒಳಗೇ ತ್ರೀಡಿ ಸಾಧ್ಯವಾಯಿತು. ಅಷ್ಟರಲ್ಲಿ ಟಚ್‌ಸ್ಕ್ರೀನ್ ಫೋನ್ ಕೂಡ ಬಂದಿತ್ತು. ವಸ್ತುವನ್ನು ಮೌಸ್‌ನಿಂದ ತಿರುಗಿಸುವುದಕ್ಕೂ ಬೆರಳಿನಿಂದ ತಿರುಗಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಅದರ ಮಾತು ಮುಂದೆ ಬರುತ್ತದೆ.

ಈ ಫೋಟೋ ತೆಗೆಯುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಶೂ ತೆಗೆದುಕೊಳ್ಳಿ. ಅದನ್ನು ಟರ್ನ್‌ಟೇಬಲ್ ಅನ್ನುವ ತಿರುಗುವ ಹಲಗೆಯ ಮೇಲೆ ಇಡುತ್ತಾರೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಲೈಟ್ ಸ್ಟ್ಯಾಂಡ್ ಮೇಲೆ. ಎರಡೂ ಅಲುಗಬಾರದು. ಟೇಬಲ್ ಒಂದೊಂದು ಸಲ 10 ಡಿಗ್ರಿ ತಿರುಗಿದರೆ ಒಂದು ಸುತ್ತಿಗೆ 36 ಫೋಟೋ. 15 ಡಿಗ್ರಿಯಾದರೆ 24, 5 ಡಿಗ್ರಿಯಾದರೆ 72. ಫೋಟೋ ಕಡಿಮೆಯಾದಷ್ಟೂ ತಿರುಗುವಾಗ ಕುಪ್ಪಳಿಸಿದ ಹಾಗೆ ಕಾಣುತ್ತದೆ. ಜಾಸ್ತಿಯಾದಷ್ಟೂ ಪುಟ ಭಾರವಾಗುತ್ತದೆ. ಶೂ ಟೇಬಲ್ಲಿನ ನಡುಮಧ್ಯದಲ್ಲಿ ಇರದಿದ್ದರೆ ತಿರುಗುವಾಗ ತೂರಾಡುತ್ತದೆ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಮತ್ತು ಬೆಳಕು ಹೊಂದಿಸುವ ಎಕ್ಸ್‌ಪೋಶರನ್ನು ಆಟೋದಲ್ಲಿ ಬಿಟ್ಟರೆ ಇನ್ನೂ ಕೆಟ್ಟದು. ಶೂವಿನ ಬಿಳಿ ಭಾಗ ಎದುರು ಬಂದಾಗ ಕ್ಯಾಮೆರಾ ಚಿತ್ರವನ್ನು ಕಪ್ಪು ಮಾಡುತ್ತದೆ, ಕಪ್ಪು ಮೈ ಎದುರು ಬಂದಾಗ ಬೆಳ್ಳಗೆ ಮಾಡುತ್ತದೆ. ಸುತ್ತು ಮುಗಿಯುವುದರೊಳಗೆ ಒಂದೇ ಶೂಗೆ ಹತ್ತು ಬಣ್ಣ. ಅದಕ್ಕೇ ಎಲ್ಲವನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿ ಶುರುಮಾಡುತ್ತಾರೆ.

ಲೆನ್ಸ್ ವಿಚಾರವೂ ಅಷ್ಟೇ ಮುಖ್ಯ. ಉದ್ದನೆಯ ವಸ್ತು ತಿರುಗುವಾಗ ಒಮ್ಮೆ ಅದರ ತುದಿ ಕ್ಯಾಮೆರಾಗೆ ಹತ್ತಿರ ಬರುತ್ತದೆ, ಒಮ್ಮೆ ದೂರ ಹೋಗುತ್ತದೆ. ವೈಡ್ ಲೆನ್ಸ್ ಹಾಕಿ ಹತ್ತಿರದಿಂದ ತೆಗೆದರೆ ಶೂವಿನ ಮೂತಿ ಎದುರು ಬಂದಾಗ ಊದಿಕೊಂಡಂತೆ ಕಾಣುತ್ತದೆ. ನಿಜದಲ್ಲಿ ಆ ಶೂ ಹಾಗಿರುವುದಿಲ್ಲ. ದೂರ ನಿಂತು ಉದ್ದ ಫೋಕಲ್ ಲೆಂಗ್ತ್‌ನ ಲೆನ್ಸ್‌ನಲ್ಲಿ ತೆಗೆದರೆ ಆಕಾರ ನಂಬುವಂತೆ ಉಳಿಯುತ್ತದೆ. ಇವೆಲ್ಲ ಸ್ಟುಡಿಯೋದವರಿಗೆ ದಿನದ ಕೆಲಸ. ಆದರೆ ಕೊಳ್ಳುವವರ ಕಡೆಯಿಂದ ಯೋಚಿಸಿದರೆ, ಇಲ್ಲಿ ತಪ್ಪುವ ಒಂದೊಂದು ಡಿಗ್ರಿಯೂ ವಸ್ತುವಿನ ಬಗ್ಗೆ ಕೊಡುವ ತಪ್ಪು ಮಾಹಿತಿ.

ಈಗ ನನಗೆ ಅತಿ ಮುಖ್ಯ ಅನಿಸುವ ಸಂಗತಿಗೆ ಬರುತ್ತೇನೆ. ಲೈಟ್ ನಿಂತಲ್ಲೇ ಇದೆ, ವಸ್ತು ತಿರುಗುತ್ತಿದೆ. ಹಾಗಾಗಿ ಹೊಳಪಿನ ಚುಕ್ಕೆಗಳು ಮೇಲ್ಮೈ ಮೇಲೆ ಸರಿಯುತ್ತಾ ಹೋಗುತ್ತವೆ. ಆ ಸರಿದಾಟದಲ್ಲೇ ನಮ್ಮ ಕಣ್ಣು ವಸ್ತು ಯಾವುದರಿಂದ ಆಗಿದೆ ಅಂತ ಓದಿಕೊಳ್ಳುವುದು. ಚರ್ಮದ ಮೇಲೆ ಹೊಳಪು ಅಗಲವಾಗಿ, ಮೆತ್ತಗೆ, ಸಣ್ಣ ಗೆರೆಗಳಲ್ಲಿ ಒಡೆಯುತ್ತಾ ಸಾಗುತ್ತದೆ. ಅಗ್ಗದ ಪ್ಲಾಸ್ಟಿಕ್ ಲೇಪನದ ಮೇಲೆ ಚೂಪಾಗಿ ಜಾರುತ್ತದೆ. ಸ್ಯಾಟಿನ್ ಬಟ್ಟೆಯ ಮೇಲೆ ಅಲೆಯಾಗಿ ಹರಿಯುತ್ತದೆ. ನಿಂತ ಫೋಟೋದಲ್ಲಿ ಈ ಭೇದ ಹಿಡಿಯುವುದು ಬಹಳ ಕಷ್ಟ. ತಿರುಗುವ ಫೋಟೋದ ದೊಡ್ಡ ಲಾಭ ಹಿಂಭಾಗ ತೋರಿಸುವುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹಿಂಭಾಗವನ್ನು ಇನ್ನೊಂದು ಫೋಟೋ ಹಾಕಿಯೂ ತೋರಿಸಬಹುದು ಅಲ್ವಾ? ಹೊಳಪು ಚಲಿಸುವುದನ್ನು ತೋರಿಸಲು ಮಾತ್ರ ವಸ್ತು ತಿರುಗಲೇಬೇಕು.

ಆದರೆ ಎಷ್ಟೋ ಕಡೆ ಆಗುವುದೇನು? ನೆರಳೇ ಬೀಳದಂತೆ ಸುತ್ತಲೂ ಬಿಳಿ ಪರದೆ ಕಟ್ಟಿ, ಎಲ್ಲ ಕಡೆಯಿಂದ ಒಂದೇ ಸಮನೆ ಬೆಳಕು ಸುರಿಯುತ್ತಾರೆ. ಎಡಿಟಿಂಗ್ ಸುಲಭವಾಗುತ್ತದೆ, ಪುಟ ಚೊಕ್ಕಟವಾಗಿ ಕಾಣುತ್ತದೆ. ಆದರೆ ಹೊಳಪು ಸತ್ತುಹೋಗುತ್ತದೆ. ವಸ್ತು ಸುಮ್ನೆ ತಿರುಗುತ್ತಿರುತ್ತದೆ, ಏನನ್ನೂ ಹೇಳುವುದಿಲ್ಲ. ಒಂದು ಬದಿಯಿಂದಾದರೂ ಸ್ವಲ್ಪ ಗಟ್ಟಿ ಬೆಳಕು ಬಿಟ್ಟಿದ್ದರೆ, ಅದೇ 36 ಫೋಟೋ ಎರಡು ಪಟ್ಟು ಮಾತಾಡುತ್ತಿದ್ದವು.

360 ಅನ್ನುವ ಅಂಕಿಯ ಬಗ್ಗೆಯೂ ಒಂದು ಎಚ್ಚರ ಬೇಕು. ಎಲ್ಲವನ್ನೂ ತೋರಿಸಿದ್ದೇವೆ ಅನ್ನುವ ಭಾವನೆ ಅದರಲ್ಲಿದೆ. ಆದರೆ ಒಂದೇ ಎತ್ತರದಲ್ಲಿ ಸುತ್ತಿದ ಕ್ಯಾಮೆರಾ ಅಟ್ಟೆಯನ್ನೂ ನೋಡಿಲ್ಲ, ಒಳಗನ್ನೂ ನೋಡಿಲ್ಲ. ಮೂರು ಎತ್ತರಗಳಿಂದ ತೆಗೆದರೆ 108 ಫೋಟೋ ಆಗುತ್ತದೆ, ಆಗಲೂ ತಳ ಉಳಿದೇ ಇರುತ್ತದೆ. ಶೂ ಕೊಳ್ಳುವವರಿಗೆ ಜಾರದ ಅಟ್ಟೆ ಬೇಕಿದ್ದರೆ, ತಿರುಗುವ ಚಿತ್ರಕ್ಕಿಂತ ಅಟ್ಟೆಯ ಒಂದು ನೇರ ಫೋಟೋ ಹೆಚ್ಚು ಉಪಕಾರಿ. ತಂತ್ರವನ್ನು ಮೊದಲು ಆರಿಸಿ, ಪ್ರಶ್ನೆಯನ್ನು ಆಮೇಲೆ ಹುಡುಕಿದರೆ ಹೀಗಾಗುತ್ತದೆ.

ಝೂಮ್ ಇಷ್ಟು ಸದ್ದು ಮಾಡುವುದಿಲ್ಲ. ಆದರೂ ನನ್ನನ್ನು ಕೇಳಿದರೆ, ಒಂದನ್ನೇ ಮಾಡಲು ಹಣವಿದೆ ಅನ್ನುವ ಸಣ್ಣ ಮಾರಾಟಗಾರರು ಮೊದಲು ಇದನ್ನೇ ಮಾಡಬೇಕು. ಅಮೆಜಾನ್‌ನಲ್ಲಿ ಝೂಮ್ ಕೆಲಸ ಮಾಡಲು ಫೋಟೋದ ಉದ್ದನೆಯ ಬದಿ ಕನಿಷ್ಠ 1000 ಪಿಕ್ಸೆಲ್ ಇರಬೇಕು. ಅದು ಕನಿಷ್ಠ ಮಟ್ಟ ಮಾತ್ರ. ಬಟ್ಟೆಯ ನೂಲು ಎಣಿಸುವಷ್ಟು ಹತ್ತಿರ ಹೋಗಬೇಕೆಂದರೆ ಇದಕ್ಕಿಂತ ಬಹಳ ದೊಡ್ಡ ಚಿತ್ರ ಬೇಕು. ದೊಡ್ಡ ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ನೋಡುತ್ತಿರುವ ಭಾಗದ ಚೌಕಗಳನ್ನಷ್ಟೇ ಕಳಿಸುವ ವಿಧಾನ ಆನ್‌ಲೈನ್ ನಕ್ಷೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಖರೀದಿಯ ಪುಟಗಳಲ್ಲೂ ಇದನ್ನು ಬಳಸಬಹುದು. ಸಣ್ಣ ಫೋಟೋವನ್ನೇ ಹಿಗ್ಗಿಸಿ ತೋರಿಸುವ ಝೂಮ್ ಮಾತ್ರ ಇಲ್ಲದಿರುವುದೇ ವಾಸಿ. ಹೊಲಿಗೆ ನೋಡಲು ಹೋದವರಿಗೆ ಮಸುಕು ಕಂಡರೆ, ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನುವ ಹೊಸ ಅನುಮಾನ ಹುಟ್ಟುತ್ತದೆ.

ಬಣ್ಣದ ವಿಚಾರ ಬಹಳ ಸೂಕ್ಷ್ಮ. ಇಲ್ಲಿ ಮಾರುವವರು ಪ್ರಾಮಾಣಿಕರಾಗಿದ್ದರೂ ತಪ್ಪಾಗಬಹುದು. 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೋ ಜಗತ್ತೆಲ್ಲ ಹರಡಿದ್ದು ನಿಮಗೆ ನೆನಪಿರಬಹುದು. ಕೆಲವರಿಗೆ ಅದು ಬಿಳಿ ಮತ್ತು ಚಿನ್ನದ ಬಣ್ಣ, ಕೆಲವರಿಗೆ ನೀಲಿ ಮತ್ತು ಕಪ್ಪು. ನಿಜವಾದ ಉಡುಪು ನೀಲಿ ಮತ್ತು ಕಪ್ಪೇ ಆಗಿತ್ತು. ಆ ಫೋಟೋದಲ್ಲಿ ಬೆಳಕು ಎಂಥದ್ದು ಅನ್ನುವ ಸುಳಿವು ಸರಿಯಾಗಿ ಇರಲಿಲ್ಲ. ಹಾಗಾಗಿ ಒಬ್ಬೊಬ್ಬರ ಮಿದುಳು ಒಂದೊಂದು ಬೆಳಕನ್ನು ಊಹಿಸಿಕೊಂಡಿತು, ಬಣ್ಣವೂ ಅದಕ್ಕೆ ತಕ್ಕಂತೆ ಕಂಡಿತು. ವಸ್ತುವನ್ನು ಶುದ್ಧ ಬಿಳಿ ಹಿನ್ನೆಲೆಯಲ್ಲಿ ಕತ್ತರಿಸಿ ಇಟ್ಟಾಗ ನಾವು ಮಾಡುವುದೂ ಇದನ್ನೇ. ಬೆಳಕಿನ ಸುಳಿವನ್ನೆಲ್ಲ ಅಳಿಸಿಬಿಡುತ್ತೇವೆ.

ಇದಕ್ಕೆ ಸ್ಟುಡಿಯೋದಲ್ಲಿ ಹಳೆಯ ಮದ್ದು ಇದೆ. ಕಲರ್‌ಚೆಕ್ಕರ್ ಅನ್ನುವ 24 ಬಣ್ಣದ ಚೌಕಗಳ ಕಾರ್ಡ್ 1976ರಿಂದ ಬಳಕೆಯಲ್ಲಿದೆ. ಮೊದಲ ಫ್ರೇಮ್‌ನಲ್ಲಿ ವಸ್ತುವಿನ ಪಕ್ಕ ಅದನ್ನಿಟ್ಟು ತೆಗೆದು, ಆಮೇಲೆ ಬಣ್ಣವನ್ನು ಅದಕ್ಕೆ ಹೊಂದಿಸುತ್ತಾರೆ. ಅಲ್ಲಿಗೆ ಫೈಲ್ ಸರಿಯಾಯಿತು. ಆದರೆ ನೋಡುವವರ ಫೋನ್? ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲಿ ಅಂತ ಹಳದಿ ತಿರುಗುವ ಸ್ಕ್ರೀನ್ ಮೇಲೆ ತಿಳಿ ನೀಲಿ ಬಟ್ಟೆ ಹೇಗೆ ಕಾಣುತ್ತದೆ ಯೋಚಿಸಿ. ಇನ್ನೊಂದು ತೊಡಕೂ ಇದೆ. ಎರಡು ಬಟ್ಟೆಗಳು ಬಿಸಿಲಲ್ಲಿ ಒಂದೇ ಬಣ್ಣವಾಗಿ ಕಂಡು, ಟ್ಯೂಬ್‌ಲೈಟ್ ಕೆಳಗೆ ಬೇರೆ ಬೇರೆಯಾಗಿ ಕಾಣಬಹುದು. ಇದು ಬಣ್ಣದ ರಾಸಾಯನಿಕ ಗುಣ, ಯಾವ ಕ್ಯಾಮೆರಾಗೂ ಇದರಿಂದ ಬಿಡುಗಡೆ ಇಲ್ಲ.

ಇಂಟರಾಕ್ಟಿವ್ ಚಿತ್ರ ಸುಲಭವಾಗಿ ಸಹಾಯಕ್ಕೆ ಬರಬಹುದಾದ ಜಾಗ ಇದು. ಆದರೂ ಬಳಸುವವರು ಕಡಿಮೆ. ಒಂದೇ ವಸ್ತುವನ್ನು ಅಲುಗಿಸದೆ ಎರಡು ಬೆಳಕಿನಲ್ಲಿ ತೆಗೆಯಿರಿ. ಒಂದು ಹಗಲು ಬೆಳಕು, ಒಂದು ಮನೆಯ ಹಳದಿ ದೀಪ. ನಡುವೆ ಒಂದು ಸ್ಲೈಡರ್ ಕೊಡಿ. ಬೆರಳು ಸರಿಸಿದಂತೆ ಬೆಳಕು ಬದಲಾಗಲಿ. ಪಕ್ಕದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ವಸ್ತು ಇರಲಿ, ಬಿಳಿ ಕಾಗದದ ಹಾಳೆಯೂ ಸಾಕು. ಟರ್ನ್‌ಟೇಬಲ್ ಬೇಡ, ತ್ರೀಡಿ ಬೇಡ, ಎರಡೇ ಫೋಟೋ. "ಫೋಟೋದಲ್ಲಿ ಕಂಡ ಬಣ್ಣ ಬೇರೆ" ಅನ್ನುವ ದೂರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಾಣುವುದಿಲ್ಲ.

ಗಾತ್ರದ ಅನುಮಾನಕ್ಕೂ ಖರೀದಿ ಪುಟದ ರೂಢಿಗಳೇ ಅರ್ಧ ಕಾರಣ. ಅಮೆಜಾನ್‌ನ ನಿಯಮದಂತೆ ಮುಖ್ಯ ಚಿತ್ರದ ಹಿನ್ನೆಲೆ ಶುದ್ಧ ಬಿಳಿ ಇರಬೇಕು, ವಸ್ತು ಚೌಕಟ್ಟಿನ ಶೇ. 85ರಷ್ಟು ತುಂಬಿರಬೇಕು. ಪುಟ ಒಂದೇ ಅಚ್ಚಿನಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಈ ಲೆಕ್ಕದಲ್ಲಿ ಉಂಗುರವೂ ಸೂಟ್‌ಕೇಸೂ ಸ್ಕ್ರೀನ್ ಮೇಲೆ ಒಂದೇ ಗಾತ್ರ. ಅಳತೆ ಕೆಳಗೆ ಬರೆದಿರುತ್ತಾರೆ ಅನ್ನಬಹುದು. 42 ಸೆಂಟಿಮೀಟರ್ ಅಂದರೆ ಎಷ್ಟು ಅಂತ ಕಣ್ಣಿಗೆ ತಂದುಕೊಳ್ಳುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಯಾರಾದರೂ ಕೈಯಲ್ಲಿ ಹಿಡಿದ ಒಂದು ಫೋಟೋ ಅಳತೆಯ ಪಟ್ಟಿಗಿಂತ ಬೇಗ ಅರ್ಥವಾಗುತ್ತದೆ.

ಪೀಠೋಪಕರಣದಂಥ ದೊಡ್ಡ ವಸ್ತುಗಳಿಗೆ ಎಆರ್, ಅಂದರೆ ಆಗ್ಮೆಂಟೆಡ್ ರಿಯಾಲಿಟಿ, ಒಳ್ಳೆಯ ಉತ್ತರ. ಫೋನಿನ ಕ್ಯಾಮೆರಾ ತೆರೆದು ಕೋಣೆಯ ನೆಲಕ್ಕೆ ಹಿಡಿದರೆ ಸೋಫಾ ಅಲ್ಲೇ ನಿಂತಂತೆ ಕಾಣುತ್ತದೆ. ಇಂಥ ಆ್ಯಪ್ ಕಟ್ಟಲು ನೆರವಾಗುವ ಆಪಲ್‌ನ ಎಆರ್‌ಕಿಟ್ ಬಂದ 2017ರಲ್ಲೇ ಪೀಠೋಪಕರಣ ಕಂಪನಿ ಐಕಿಯಾ ತನ್ನ ಪ್ಲೇಸ್ ಆ್ಯಪ್ ತಂದಿತು, ಅದೇ ವರ್ಷ ಅಮೆಜಾನ್ ಎಆರ್ ವ್ಯೂ ಶುರುಮಾಡಿತು. ಇವು ಕೆಲಸ ಮಾಡುವುದಕ್ಕೆ ಕಾರಣ ಸರಳ. ತ್ರೀಡಿ ಮಾದರಿಗೆ ನಿಜವಾದ ಅಳತೆ ಇರುತ್ತದೆ. ವೆಬ್‌ನಲ್ಲಿ ತ್ರೀಡಿ ಮಾದರಿಗಳಿಗೆ ಬಳಸುವ ಜಿಎಲ್‌ಟಿಎಫ್ ಅನ್ನುವ ಫೈಲ್ ಮಾದರಿಯಲ್ಲಿ ಉದ್ದದ ಮಾನ ಮೀಟರ್ ಅಂತಲೇ ನಿಗದಿಯಾಗಿದೆ. ಹಾಗಾಗಿ ಎರಡು ಮೀಟರ್ ಸೋಫಾ ನಿಮ್ಮ ಕೋಣೆಯಲ್ಲೂ ಸುಮಾರು ಎರಡು ಮೀಟರ್ ಆಗಿಯೇ ಕಾಣುತ್ತದೆ. ಬಾಗಿಲಿಗೆ ಅಡ್ಡ ಬರುತ್ತದಾ, ಕಿಟಕಿ ಮುಚ್ಚುತ್ತದಾ, ಎಲ್ಲ ನೋಡಬಹುದು. ಕೂತರೆ ಹಿತವಾಗಿರುತ್ತದಾ ಅನ್ನುವುದನ್ನು ಎಆರ್ ಹೇಳುವುದಿಲ್ಲ. ಕೋಣೆಯ ಬೆಳಕಿನಲ್ಲಿ ಅದರ ಬಣ್ಣವನ್ನೂ ಪೂರ್ತಿ ನಂಬುವಂತಿಲ್ಲ. ಪೆನ್ ಅಥವಾ ಚಾರ್ಜರ್ ಕೊಳ್ಳುವವರಿಗೆ ಎಆರ್ ಕೊಟ್ಟರೆ ಅದು ಬರೀ ಆಟ.

ಬೆರಳಿನ ಮಾತು ಮುಂದೆ ಬರುತ್ತದೆ ಅಂದೆನಲ್ಲ, ಅದು ಇಲ್ಲಿದೆ. ಎಸ್. ಆಡಮ್ ಬ್ರಾಸೆಲ್ ಮತ್ತು ಜೇಮ್ಸ್ ಗಿಪ್ಸ್ 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಟಚ್‌ಸ್ಕ್ರೀನ್ ಮೇಲೆ ವಸ್ತುವನ್ನು ಮುಟ್ಟಿ ನೋಡಿದವರಿಗೆ ಅದು ಆಗಲೇ ತಮ್ಮದು ಅನ್ನುವ ಭಾವನೆ ಮೌಸ್ ಬಳಸಿದವರಿಗಿಂತ ಬಲವಾಗಿ ಬಂದದ್ದು ಕಂಡಿತು. ಮುಟ್ಟಿದ್ದು ಗಾಜನ್ನು, ಆದರೂ ಮನಸ್ಸಿಗೆ ವಸ್ತುವನ್ನೇ ಮುಟ್ಟಿದ ಹಾಗೆ. ಅಂದರೆ ಇಂಟರಾಕ್ಟಿವ್ ಫೋಟೋ ಮಾಹಿತಿ ಕೊಡುತ್ತಾ ಕೊಡುತ್ತಾ ನಮ್ಮನ್ನು ಒಲಿಸಿಕೊಳ್ಳುವ ಕೆಲಸವನ್ನೂ ಮಾಡುತ್ತಿರುತ್ತದೆ.

ಇದಕ್ಕಿಂತ ಯೋಚನೆಗೆ ಹಚ್ಚುವುದು ಸಂಶೋಧಕಿ ಆನ್ ಶ್ಲಾಸರ್ 2006ರಲ್ಲಿ ಪ್ರಕಟಿಸಿದ ಕೆಲಸ. ಒಂದು ಕ್ಯಾಮೆರಾವನ್ನು ಕೆಲವರು ಸ್ಕ್ರೀನ್ ಮೇಲೆ ತಾವೇ ಆಡಿಸಿ ನೋಡಿದರು. ಇನ್ನು ಕೆಲವರು ಬರೀ ನಿಂತ ಚಿತ್ರ ಮತ್ತು ಬರಹದಿಂದ ತಿಳಿದುಕೊಂಡರು. ಆಡಿಸಿ ನೋಡಿದವರಿಗೆ ನಿಜವಾದ ಗುಣಗಳು ಚೆನ್ನಾಗಿ ನೆನಪಿದ್ದವು. ಆದರೆ ಇಲ್ಲದ ಗುಣಗಳನ್ನು ಇತ್ತು ಅಂತ ನಂಬಿದವರೂ ಅವರಲ್ಲೇ ಜಾಸ್ತಿ. ಕೈಯಾಡಿಸಿದಾಗ ಮನಸ್ಸಿನಲ್ಲಿ ಚಿತ್ರ ಎಷ್ಟು ಗಟ್ಟಿಯಾಗಿ ಮೂಡುತ್ತದೆ ಅಂದರೆ, ಕಂಡದ್ದು ಯಾವುದು, ಊಹಿಸಿಕೊಂಡದ್ದು ಯಾವುದು ಅನ್ನುವ ಗೆರೆ ಅಳಿಸಿಹೋಗುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಮಾರುವವರು ಇದರಿಂದ ಕಲಿಯಬೇಕಾದದ್ದು ಒಂದಿದೆ. ತಿರುಗುವ ಚಿತ್ರ ಹಾಕಿದ ಪುಟದಲ್ಲಿ ವಸ್ತುವಿಗೆ ಏನಿಲ್ಲ ಅನ್ನುವುದನ್ನೂ ಬರೆಯಬೇಕು. ನೀರು ತಡೆಯುವುದಿಲ್ಲ, ಒಳಜೇಬು ಇಲ್ಲ, ಚಾರ್ಜರ್ ಜೊತೆಗೆ ಬರುವುದಿಲ್ಲ. ಇಂಥ ಸಾಲುಗಳು ನಿಂತ ಫೋಟೋಗಿಂತ ಇಂಟರಾಕ್ಟಿವ್ ಫೋಟೋ ಪಕ್ಕದಲ್ಲೇ ಹೆಚ್ಚು ಬೇಕು.

ಇಷ್ಟು ಹೊತ್ತು ಫೋಟೋ ಅನ್ನುತ್ತಾ ಬಂದೆ. ಆದರೆ ಪುಟದಲ್ಲಿ ಕಾಣುವುದೆಲ್ಲ ಫೋಟೋವೇ ಆಗಿರಬೇಕಿಲ್ಲ. ಐಕಿಯಾ 2006ರಲ್ಲಿ ಒಂದು ಮರದ ಕುರ್ಚಿಯ ಚಿತ್ರವನ್ನು ಪೂರ್ತಿ ಕಂಪ್ಯೂಟರ್‌ನಲ್ಲೇ ತಯಾರಿಸಿತು. 2014ರ ಹೊತ್ತಿಗೆ ಬಿಳಿ ಹಿನ್ನೆಲೆಯ ಅದರ ಉತ್ಪನ್ನ ಚಿತ್ರಗಳಲ್ಲಿ ಸುಮಾರು ಶೇ. 75 ಹೀಗೆ ಆದವು ಅಂತ ಕಂಪನಿಯವರೇ ಹೇಳಿದ್ದರು. ನನಗೆ ಇದರಲ್ಲಿ ಮೋಸ ಕಾಣುವುದಿಲ್ಲ. ಆ ಮಾದರಿಗಳು ವಸ್ತುವಿನ ನಿಜವಾದ ವಿನ್ಯಾಸ ಮತ್ತು ಅಳತೆಯಿಂದ ಹುಟ್ಟಿದವು. ಹಿಂಭಾಗ ಹೇಗಿದೆ ಅಂತ ಕಂಪನಿಗೆ ಗೊತ್ತು, ಅದನ್ನೇ ಅವರು ಕಟ್ಟಿದರು.

ಮುಂದೆ ಬಂದ ವಿಧಾನಗಳು ಫೋಟೋವನ್ನೂ ತ್ರೀಡಿಯನ್ನೂ ಹತ್ತಿರ ತಂದವು. 2020ರ ನರ್ಫ್ ಮತ್ತು 2023ರ ಗಾಸಿಯನ್ ಸ್ಪ್ಲಾಟಿಂಗ್‌ನಲ್ಲಿ ಹಲವು ಕೋನದ ಫೋಟೋಗಳನ್ನು ಕೊಟ್ಟರೆ ಸಾಕು, ನಡುವಿನ ಯಾವ ಕೋನದಿಂದ ಬೇಕಾದರೂ ನೋಡಬಹುದಾದ ದೃಶ್ಯ ಸಿದ್ಧವಾಗುತ್ತದೆ. ಇಲ್ಲೂ ಬುನಾದಿ ಕ್ಯಾಮೆರಾ ಕಂಡದ್ದೇ.

ಈಗ ಬಂದಿರುವ ಮೂರನೆಯ ಬಗೆಯೇ ನನಗೆ ಆತಂಕ ತರುವುದು. ಒಂದೇ ಒಂದು ಫೋಟೋ ಕೊಟ್ಟರೆ ಎಐ ಪೂರ್ತಿ ತ್ರೀಡಿ ಮಾದರಿ ಮಾಡಿಕೊಡುತ್ತದೆ. ಮುಂಭಾಗ ಫೋಟೋದಿಂದ ಬಂದದ್ದು. ಹಿಂಭಾಗ? ಅದು ಊಹೆ. ಅಂಥ ಸಾವಿರಾರು ವಸ್ತುಗಳ ಹಿಂಭಾಗ ಹೇಗಿರುತ್ತದೋ ಹಾಗೆ ಇದರದ್ದೂ ಇರಬಹುದು ಅನ್ನುವ ಲೆಕ್ಕ. ಬೇರೆ ವಸ್ತುವಿನ ಹೊಲಿಗೆ, ಬೇರೆ ವಸ್ತುವಿನ ಜೇಬು ಇದರ ಬೆನ್ನ ಮೇಲೆ ಬಂದು ಕೂರಬಹುದು. ಕೊಳ್ಳುವವರು ತಿರುಗಿಸಿ ನೋಡುವುದು ಹಿಂಭಾಗದ ಅನುಮಾನ ತೀರಲಿ ಅಂತಲೇ. ಅವರಿಗೆ ಸಿಗುವುದು ಯಾರೂ ನೋಡಿರದ ಒಂದು ಹಿಂಭಾಗ. ಶ್ಲಾಸರ್ ಹೇಳಿದ ಸುಳ್ಳು ನೆನಪು ಇಲ್ಲಿ ಮನಸ್ಸಿನೊಳಗೆ ಹುಟ್ಟಬೇಕಾಗಿಯೂ ಇಲ್ಲ, ಪುಟದ ಮೇಲೇ ಸಿದ್ಧವಾಗಿ ಸಿಗುತ್ತದೆ. ಚಿತ್ರ ಎಲ್ಲಿ ಹುಟ್ಟಿತು, ಆಮೇಲೆ ಏನೇನು ಬದಲಾಯಿತು ಅಂತ ದಾಖಲಿಸುವ ಸಿಟುಪಿಎ ಅನ್ನುವ ಮಾನದಂಡದ ಕೆಲಸ 2021ರಿಂದ ನಡೆಯುತ್ತಿದೆ. ಖರೀದಿಯ ಪುಟಗಳು ಅದನ್ನು ಅಳವಡಿಸಿಕೊಳ್ಳಲಿ. ಅದಕ್ಕೂ ಮೊದಲು ಒಂದು ಸಾಲು ಬರೆಯುವುದು ಕಷ್ಟವೇನಲ್ಲ: ಈ ಚಿತ್ರದಲ್ಲಿ ಎಷ್ಟು ಭಾಗ ಕ್ಯಾಮೆರಾ ಕಂಡದ್ದು, ಎಷ್ಟು ಕಂಪ್ಯೂಟರ್ ಕಟ್ಟಿದ್ದು.

ಚಿತ್ರ ಎಷ್ಟೇ ಪ್ರಾಮಾಣಿಕವಾಗಿರಲಿ, ತೆರೆಯದಿದ್ದರೆ ಏನು ಪ್ರಯೋಜನ? ಒಂದು ಫೋಟೋ 100 ಕಿಲೋಬೈಟ್ ಅಂದುಕೊಂಡರೂ 36ಕ್ಕೆ 3.6 ಮೆಗಾಬೈಟ್. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಹಾಗಾಗಿ ಮೊದಲು ಒಂದೇ ಫೋಟೋ ಕಳಿಸಿ, ಬೆರಳು ತಾಗಿದ ಮೇಲೆ ಉಳಿದವನ್ನು ತರಿಸುವುದು ಸರಿಯಾದ ದಾರಿ. ಇನ್ನೊಂದು ಕಿರಿಕಿರಿ ಫೋನ್ ಬಳಸುವ ಎಲ್ಲರಿಗೂ ಗೊತ್ತು. ಪುಟವನ್ನು ಕೆಳಗೆ ಸರಿಸಲು ಹೋದರೆ ಚಿತ್ರ ಬೆರಳನ್ನು ಹಿಡಿದುಕೊಂಡು ತಿರುಗಲು ಶುರುಮಾಡುತ್ತದೆ, ಪುಟ ಮಾತ್ರ ಮುಂದೆ ಹೋಗುವುದಿಲ್ಲ. ಅಡ್ಡ ಎಳೆತಕ್ಕಷ್ಟೇ ಚಿತ್ರ ತಿರುಗಬೇಕು, ಉದ್ದ ಎಳೆತವನ್ನು ಪುಟಕ್ಕೆ ಬಿಟ್ಟುಕೊಡಬೇಕು.

ಕೈ ನಡುಗುವವರು, ಬೆರಳು ಎಳೆಯಲು ಆಗದವರು ಇದ್ದಾರೆ. ವೆಬ್ ಪುಟಗಳನ್ನು ಎಲ್ಲರೂ ಬಳಸುವಂತಿರಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮಾನದಂಡ ಅವರನ್ನು ನೆನೆದಿದೆ. ಎಳೆಯುವುದು ಅನಿವಾರ್ಯವಲ್ಲದಿದ್ದರೆ, ಎಳೆದು ಮಾಡುವ ಕೆಲಸವನ್ನು ಎಳೆಯದೆ ಮಾಡಲೂ ದಾರಿ ಇರಬೇಕು ಅನ್ನುತ್ತದೆ ಅದು. ತಿರುಗುವ ಚಿತ್ರದ ಎರಡೂ ಬದಿಗೆ ಒಂದೊಂದು ಬಾಣದ ಬಟನ್ ಇಟ್ಟರೆ ಮುಗಿಯಿತು. ಕಣ್ಣು ಕಾಣದವರಿಗೆ ತಿರುಗುವ ಚಿತ್ರದಿಂದ ಏನೂ ಸಿಗುವುದಿಲ್ಲ. ಅವರಿಗೆ ಹಿಂಭಾಗದಲ್ಲಿ ಏನಿದೆ, ತಳ ಹೇಗಿದೆ ಅಂತ ಬರಹದಲ್ಲೇ ಹೇಳಬೇಕು. ಆ ಬರಹ ಓದಿದ ಬೇರೆಯವರಿಗೂ ಲಾಭವೇ.

ಕೊನೆಗೆ ಲೆಕ್ಕದ ವಿಚಾರ. ಇಂಥ ಚಿತ್ರ ಹಾಕಿದ ಮೇಲೆ ಎಷ್ಟು ಜನ ಕೊಂಡರು ಅಂತ ನೋಡುವುದು ವಾಡಿಕೆ. ಆ ಅಂಕಿ ಎರಡೇ ದಿನದಲ್ಲಿ ಸಿಗುತ್ತದೆ, ಹಾಗಾಗಿ ಎಲ್ಲರಿಗೂ ಇಷ್ಟ. ಆದರೆ ಬೆರಳಿನ ಒಲವಿನಿಂದ ಕೊಂಡವರನ್ನೂ ಅನುಮಾನ ತೀರಿ ಕೊಂಡವರನ್ನೂ ಅದು ಬೇರೆ ಮಾಡಿ ತೋರಿಸುವುದಿಲ್ಲ. ಅಮೆರಿಕದ ನ್ಯಾಷನಲ್ ರೀಟೇಲ್ ಫೆಡರೇಶನ್ 2024ಕ್ಕೆ ಮಾಡಿದ ಅಂದಾಜಿನಲ್ಲಿ ಅಲ್ಲಿನ ಚಿಲ್ಲರೆ ಮಾರಾಟದ ಶೇ. 16.9 ವಾಪಸ್ ಬರುತ್ತದೆ. ಮಾರಿದ ಲೆಕ್ಕವೇ ಕೊನೆಯ ಲೆಕ್ಕವಲ್ಲ ಅನ್ನಲು ಇಷ್ಟು ಸಾಕು. ರಿಟರ್ನ್ ಅವಧಿ ಮುಗಿಯುವವರೆಗೆ ಕಾಯಬೇಕು. ಒಂದೇ ವಸ್ತುವಿನ ಪುಟವನ್ನು ಕೆಲವರಿಗೆ ತಿರುಗುವ ಚಿತ್ರದೊಂದಿಗೆ, ಕೆಲವರಿಗೆ ಅದಿಲ್ಲದೆ ತೋರಿಸಿ, ಎರಡೂ ಗುಂಪಿನಲ್ಲಿ ಎಷ್ಟು ವಾಪಸ್ ಬಂತು, ಯಾವ ಕಾರಣಕ್ಕೆ ಬಂತು ಅಂತ ಹೋಲಿಸಬೇಕು. ಬಣ್ಣದ ದೂರು ಹಾಗೇ ಉಳಿದಿದ್ದರೆ ಎರಡು ಬೆಳಕಿನ ಫೋಟೋ ಬೇಕು. ಗಾತ್ರದ ದೂರು ಉಳಿದಿದ್ದರೆ ಕೈಯಲ್ಲಿ ಹಿಡಿದ ಫೋಟೋ ಬೇಕು. "ಅಂದುಕೊಂಡ ಹಾಗಿಲ್ಲ" ಅನ್ನುವ ಕಾರಣ ಹೆಚ್ಚಾಗಿದ್ದರೆ, ತಿರುಗುವ ಚಿತ್ರವೇ ಇಲ್ಲದ್ದನ್ನು ನಂಬಿಸಿರಬಹುದು. ಎಷ್ಟೋ ಕಡೆ ಈ ಕಾರಣಗಳ ಪಟ್ಟಿ ಗೋದಾಮಿನ ಕಡತದಲ್ಲೇ ನಿಂತುಬಿಡುತ್ತದೆ. ಅದು ವಾರವಾರವೂ ಫೋಟೋ ತೆಗೆಯುವವರ ಕೈಗೆ ಹೋಗಬೇಕು. ಮುಂದಿನ ಸಲ ಲೈಟ್ ಎಲ್ಲಿ ಇಡಬೇಕು, ಯಾವ ಕೋನ ಬಿಟ್ಟುಹೋಗಿದೆ ಅಂತ ತೀರ್ಮಾನಿಸುವವರು ಅವರೇ.